ನಕಾಶೆಯ ಮೇಲಿನ ಗೆರೆ ಸಾಲದು

ನಕಾಶೆಯ ಮೇಲೆ ಎರಡು ವಿಮಾನ ನಿಲ್ದಾಣಗಳ ನಡುವೆ ಗೆರೆ ಎಳೆದು, ಆ ದೂರವನ್ನು 900ರಿಂದ (ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದುಕೊಂಡು) ಭಾಗಿಸಿದರೆ ಪ್ರಯಾಣದ ಸಮಯ ಸಿಗುತ್ತದೆ ಎಂದು ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ದಯವಿಟ್ಟು ಇದನ್ನು ತಿದ್ದಬೇಕು, ಏಕೆಂದರೆ ದೂರದ ನಿಲ್ದಾಣಗಳ ವಿಷಯದಲ್ಲೇ ಈ ಲೆಕ್ಕ ಹೆಚ್ಚು ಕೈಕೊಡುತ್ತದೆ.

ಸಮಭಾಜಕದ ಬಳಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 111 ಕಿ.ಮೀ. ಅದೇ 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅರ್ಧಕ್ಕರ್ಧ, 55 ಚಿಲ್ಲರೆ. ಸಾಮಾನ್ಯ ನಕಾಶೆ ಇದನ್ನು ತೋರಿಸುವುದೇ ಇಲ್ಲ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ, ಅದು ಧ್ರುವದ ಕಡೆಗೆ ಬಾಗಿದಂತೆ ಕಾಣುತ್ತದೆ. ಅದೇ ನಿಜವಾದ ಹತ್ತಿರದ ದಾರಿ. ಲೆಕ್ಕಕ್ಕೆ ಹ್ಯಾವರ್‌ಸೈನ್ ಸೂತ್ರ (ಎರಡು ಊರುಗಳ ಅಕ್ಷಾಂಶ, ರೇಖಾಂಶಗಳಿಂದ ಗೋಳದ ಮೇಲಿನ ದೂರ ತಿಳಿಸುವ ಸೂತ್ರ), ಭೂಮಿಯ ತ್ರಿಜ್ಯ 6371 ಕಿ.ಮೀ. ಸಾಕು.

ಸಮಯದ ಮಾತು ಬೇರೆ. ಚಿಲಿಯ ಸ್ಯಾಂಟಿಯಾಗೊದಿಂದ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಸುಮಾರು 3,750 ಕಿ.ಮೀ. 900ರಿಂದ ಭಾಗಿಸಿದರೆ ನಾಲ್ಕು ಗಂಟೆ ಚಿಲ್ಲರೆ, ಆದರೆ ಹೋಗುವಾಗ ಐದು ಗಂಟೆ ದಾಟುತ್ತದೆ. ರನ್‌ವೇವರೆಗಿನ ಓಟ, ಏರುವುದು, ಇಳಿಯುವುದು ಎಲ್ಲ ಸೇರಬೇಕು. ಎದುರುಗಾಳಿಯೂ ಇದೆ, ವಾಪಸು ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ಟಿಕೆಟ್‌ನಲ್ಲಿರುವ ಗಡಿಯಾರದ ಸಮಯಗಳನ್ನು ಕಳೆದು ನೋಡುವವರಿಗೂ ಒಂದು ಮಾತು. ಪೆಸಿಫಿಕ್‌ನ ದ್ವೀಪದೇಶ ಸಮೋವಾದ ಫಲೆಯೊಲೊದಿಂದ ಪಕ್ಕದ ಅಮೆರಿಕನ್ ಸಮೋವಾದ ಪಾಗೊ ಪಾಗೊಗೆ ಸುಮಾರು 150 ಕಿ.ಮೀ. ಅಷ್ಟೇ, ಆದರೆ ನಡುವೆ ದಿನರೇಖೆ, ಅಂದರೆ ದಾಟಿದರೆ ತಾರೀಖು ಬದಲಾಗುವ ಗೆರೆ, ಇದೆ. ಇಂದು ಹೊರಟವರು ನಿನ್ನೆಯ ತಾರೀಖಿನಲ್ಲಿ ಇಳಿಯುತ್ತಾರೆ! ಎರಡೂ ಸಮಯಗಳನ್ನು ಮೊದಲು ಯುಟಿಸಿಗೆ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯಕ್ಕೆ) ಬದಲಿಸಿಕೊಂಡು ಆಮೇಲೆ ಕಳೆಯಿರಿ.