ಕೈಗೆ ಬಂದ ಚಿಪ್ಪು

ನಮ್ಮ ಭಾವನವರ ಮೊಬೈಲಿನ ಬೆನ್ನಿಗೆ ಸಗಣಿಯ ಚಿಪ್ಪೊಂದು ಅಂಟಿಕೊಂಡಿದೆ. 2020ರ ಅಕ್ಟೋಬರ್‌ನಲ್ಲಿ, ಹಸುಗಳ ರಕ್ಷಣೆಗೆಂದು ಸರ್ಕಾರ ಮಾಡಿದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು, ಮೊಬೈಲಿನ ವಿಕಿರಣ ತಗ್ಗಿಸುತ್ತದೆಂದು ತೋರಿಸಿದರಲ್ಲ, ಆ ವಂಶದ್ದೇ. ಪ್ರಯೋಗ ಎಲ್ಲಿ ನಡೆಯಿತು, ಅಂಕಿ-ಅಂಶ ಕೊಡಿ ಎಂದು ನೂರಾರು ವಿಜ್ಞಾನಿಗಳು ಪತ್ರ ಬರೆದರು. ಎಂಥ ಅಧಿಕಪ್ರಸಂಗ! ಪ್ರಸಾದಕ್ಕೆ ಯಾರಾದರೂ ಪ್ರಯೋಗಾಲಯದ ವರದಿ ಕೇಳುತ್ತಾರೆಯೇ?

ಚಿಪ್ಪಿನ ವಿವೇಕವನ್ನು ಮೆಚ್ಚಲೇಬೇಕು. ತರಂಗಗಳನ್ನು ನಿಜವಾಗಿ ತಡೆದಿದ್ದರೆ ಫೋನು ರಿಂಗಾಗಬಾರದಿತ್ತು. ಇದು ಕೆಟ್ಟ ತರಂಗವನ್ನಷ್ಟೇ ಹೆಕ್ಕಿ ಹೊರಗಟ್ಟಿ, ಸಾಲ ಬೇಕೇ ಎಂದು ಕೇಳುವ ಕರೆಗಳನ್ನು ಮರ್ಯಾದೆಯಿಂದ ಒಳಗೆ ಬಿಡುತ್ತದೆ.

ಭಾವನವರಿಗೆ ನ್ಯೂಕ್ಲಿಯರ್ ಎಂದರೆ ನಡುಕ, ಎಂಆರ್‌ಐ ಎಂದರೆ ಧೈರ್ಯ. ಆ ತಂತ್ರಕ್ಕೂ ಮೊದಲು ಹೆಸರಿನಲ್ಲಿ ನ್ಯೂಕ್ಲಿಯರ್ ಇತ್ತು. ರೋಗಿಗಳು ಬೆದರುತ್ತಾರೆಂದು 1980ರ ದಶಕದಲ್ಲಿ ಕಿತ್ತುಹಾಕಿದರು. ಅಲ್ಲಿರುವುದು ನಮ್ಮ ಮೈಯೊಳಗಿನ ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್, ಎಂದರೆ ಪರಮಾಣುವಿನ ನಡುಭಾಗ, ಪಾಪ.

ಹೆಸರಿನ ವಿಚಾರದಲ್ಲಿ ನಾವೇನು ಕಡಿಮೆಯೇ? ಪರಮಾಣುಗಳು ಕೂಡಿದರೆ ಅಣು ಎಂದು ಪಠ್ಯಪುಸ್ತಕದಲ್ಲಿ ಓದಿ, ಪತ್ರಿಕೆಯಲ್ಲಿ ಅಣುಬಾಂಬ್ ಎಂದು ಬರೆಯುತ್ತೇವೆ. ಆ ಲೆಕ್ಕದಲ್ಲಿ ಅಡುಗೆಮನೆಯ ಸಕ್ಕರೆ ಡಬ್ಬಿಯೂ ಅಣ್ವಸ್ತ್ರಗಳ ಗೋದಾಮು. ಪರಮಾಣುವಿನ ಕೇಂದ್ರ ಎಲ್ಲಿದೆ ಎಂದು ಕಾರವಾರದಲ್ಲಿ ಕೇಳಿ ನೋಡಿ, ಕೈಗಾ ಬಸ್ಸು ತೋರಿಸಿಯಾರು. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕಂಡ ಗುಂಡನೆಯ ಚುಕ್ಕೆಯನ್ನು ನ್ಯೂಕ್ಲಿಯಸ್ ಎಂದು ಕರೆದ. ಸುಮಾರು 80 ವರ್ಷಗಳ ಬಳಿಕ ಭೌತವಿಜ್ಞಾನಿ ರುದರ್‌ಫರ್ಡ್ ಪರಮಾಣುವಿನ ನಡುವಿಗೂ ಅದೇ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಅದಕ್ಕೆ ಕಾಯಿಯೊಳಗಿನ ತಿರುಳು ಎಂದರ್ಥ. ನಮಗೆ ಸಿಕ್ಕಿದ್ದು ಮಾತ್ರ ಚಿಪ್ಪು.

ಭಾವನವರ ಜೇಬಿನಲ್ಲಿ ಆ ಮೊಬೈಲಿಗೆ ಒತ್ತಿಕೊಂಡೇ ಸಿಗರೇಟಿನ ಪ್ಯಾಕು ಇರುತ್ತದೆ. ತಂಬಾಕಿನಲ್ಲಿ ಪೊಲೋನಿಯಮ್-210 ಎಂಬ ವಿಕಿರಣ ಸೂಸುವ ಧಾತು ಇದೆ. ಅದರ ನ್ಯೂಕ್ಲಿಯಸ್ ಒಡೆದು ಆಲ್ಫಾ ಕಣವನ್ನು ಎಸೆಯುತ್ತದೆ. ಆಲ್ಫಾ ಕಣವೂ ಹೀಲಿಯಮ್ಮಿನ ನ್ಯೂಕ್ಲಿಯಸ್ಸೇ. ಅದು ಶ್ವಾಸಕೋಶದ ಕೋಶಕೇಂದ್ರಕ್ಕೆ ನುಗ್ಗಿ ಡಿಎನ್‌ಎಯನ್ನು ಕತ್ತರಿಸಬಲ್ಲದು. ಮೊಬೈಲಿನ ತರಂಗಕ್ಕಾದರೋ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತೊಗೆಯುವಷ್ಟೂ ಕಸುವಿಲ್ಲ. ಇದು ಪ್ರೌಢಶಾಲೆ ಮುಗಿಸಿದವರಿಗೆ ಅರ್ಥವಾಗುವ ವಿಷಯ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಸರ್ಕಾರಿ ಆಯೋಗದ ಕುರ್ಚಿಯಲ್ಲಿ ಕುಳಿತವರು ಪುರಾವೆಯಿಲ್ಲದ ಮಾತನ್ನು ಊರೆಲ್ಲ ಹರಡಿ ಎದ್ದುಹೋಗುತ್ತಾರೆ. ಅದನ್ನು ಅಳಿಸುತ್ತಾ ಕೂರಬೇಕಾದವರು ಸೀಮೆಸುಣ್ಣ ಹಿಡಿದ ವಿಜ್ಞಾನದ ಮೇಷ್ಟ್ರು.

ಮೊನ್ನೆ ಇದನ್ನೆಲ್ಲ ಭಾವನವರಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿದರು, ಪೂರ್ತಿ ಒಂದು ಸಿಗರೇಟು ಮುಗಿಯುವವರೆಗೆ. ಆಮೇಲೆ ಪ್ಯಾಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: "ಹಾಗಾದರೆ ಇದಕ್ಕೂ ಒಂದು ಅಂಟಿಸಿಬಿಡಲೇನಯ್ಯಾ?"