"ತಪ್ಪದೆ ನುಂಗಿ" ಅಂದರಷ್ಟೇ ಸಾಲದು

ಎಚ್‌ಐವಿ ಇರುವವರಿಗೆ ಟಿಬಿ ಬಂದರೆ ದಿನಕ್ಕೆ ಎಷ್ಟು ಮಾತ್ರೆ ಅಂತ ಎಣಿಸಿ ನೋಡಿ. 50 ಕೆಜಿ ತೂಕದವರಿಗೆ ನಾಲ್ಕು ಔಷಧಿ (ರಿಫಾಂಪಿಸಿನ್, ಐಸೋನಿಯಜಿಡ್, ಪೈರಜಿನಮೈಡ್, ಎಥಾಂಬುಟಾಲ್) ಸೇರಿದ ಟಿಬಿ ಮಾತ್ರೆ 4, ಎಆರ್‌ಟಿ ಅಂದರೆ ಎಚ್‌ಐವಿ ಚಿಕಿತ್ಸೆಯ ಟಿಎಲ್‌ಡಿ (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ), ಅದರ ಮೇಲೆ ಬೇರೆ ಸೋಂಕು ತಡೆಯಲು ಕೊಟ್ರಿಮೊಕ್ಸಜೋಲ್, ವಿಟಮಿನ್ ಬಿ6. ಎರಡನೇ ವಾರ ಹೊಟ್ಟೆ ತೊಳಸಿದರೆ ಯಾವುದನ್ನು ದೂರುವುದು? "ತಪ್ಪದೆ ನುಂಗಿ" ಅಂತಷ್ಟೇ ಹೇಳಿ ಕಳಿಸುವುದು ಅನ್ಯಾಯ. ಯಾವುದನ್ನು ತಡೆದುಕೊಳ್ಳಬಹುದು, ಯಾವುದಕ್ಕೆ ಅವತ್ತೇ ಆಸ್ಪತ್ರೆಗೆ ಓಡಬೇಕು ಅಂತ ಗೊತ್ತಿಲ್ಲದವರು ಭಯಕ್ಕೆ ಎಲ್ಲವನ್ನೂ ಬಿಟ್ಟುಬಿಡುತ್ತಾರೆ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ. ಅದರಿಂದ ಅಪಾಯವಿಲ್ಲ. ಆದರೆ ಇದೇ ಕಾರಣಕ್ಕೆ ಮೂತ್ರ ನೋಡಿ ಕಾಮಾಲೆ ಗುರುತಿಸಲಾಗದು, ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ ನೋಡಬೇಕು. ಪೈರಜಿನಮೈಡ್, ಐಸೋನಿಯಜಿಡ್, ರಿಫಾಂಪಿಸಿನ್ ಮೂರೂ ಲಿವರಿಗೆ ಪೆಟ್ಟು ಕೊಡಬಲ್ಲವು. ಮದ್ಯವೋ ಹೆಪಟೈಟಿಸ್ ಬಿ, ಸಿ ಸೋಂಕೋ ಜೊತೆಗಿದ್ದರೆ ಅಪಾಯ ಇನ್ನೂ ಜಾಸ್ತಿ. ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ಟಿಬಿ ಮಾತ್ರೆ ಅಲ್ಲಿಗೇ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಿ. ಲಕ್ಷಣಗಳಿದ್ದು ರಕ್ತ ಪರೀಕ್ಷೆಯಲ್ಲಿ ಎಎಲ್‌ಟಿ (ಲಿವರಿಗೆ ಪೆಟ್ಟಾದರೆ ಏರುವ ಕಿಣ್ವ) ಸಾಮಾನ್ಯ ಮಿತಿಯ 3 ಪಟ್ಟು ಮೀರಿದರೆ, ಲಕ್ಷಣವಿಲ್ಲದಿದ್ದರೂ 5 ಪಟ್ಟು ಮೀರಿದರೆ ಅವರೂ ನಿಲ್ಲಿಸುತ್ತಾರೆ. ಲಿವರ್ ಸುಧಾರಿಸಿದ ಮೇಲೆ ಒಂದೊಂದೇ ಔಷಧಿ ಮರಳಿ ಶುರು. ಸ್ವಲ್ಪ ಹುಷಾರಾಯಿತು ಅಂತ ಮನೆಯಲ್ಲೇ ನಾಲ್ಕನ್ನೂ ಒಟ್ಟಿಗೆ ನುಂಗಬೇಡಿ. ಹೆಪಟೈಟಿಸ್ ಬಿ ಇರುವವರು ಟಿಎಲ್‌ಡಿಯನ್ನು ತಾವಾಗಿ ಬಿಡಲೂಬಾರದು, ಅದು ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತದೆ.

ಪಾದದಲ್ಲಿ ಉರಿ, ಜೋಮು ಬಂದರೆ ಐಸೋನಿಯಜಿಡ್ ಕಾರಣವಿರಬಹುದು. ಎಚ್‌ಐವಿಯಿಂದ ಮೊದಲೇ ನರ ಸೋತಿರಬಹುದು, ಹಾಗಾಗಿ ಇದನ್ನು ತಡೆಯಲೆಂದೇ ಕೊಡುವ ಬಿ6 ಮಾತ್ರೆಯನ್ನು ಸುಮ್ಮನೆ ಕೊಟ್ಟ ವಿಟಮಿನ್ ಅಂದುಕೊಳ್ಳಬೇಡಿ. ಕಣ್ಣಿಗೆ ಕೆಂಪು, ಹಸಿರು ಬಣ್ಣ ಮಸುಕಾಗಿ ಕಂಡರೆ ಎಥಾಂಬುಟಾಲ್ ಕಾರಣವಿರಬಹುದು. ಅದು ಕಿಡ್ನಿ ಮೂಲಕ ಹೊರಹೋಗುವ ಔಷಧಿ, ಟಿಎಲ್‌ಡಿಯಲ್ಲಿರುವ ಟೆನೊಫೊವಿರ್ ಕಿಡ್ನಿಗೆ ತೊಂದರೆ ಮಾಡಬಲ್ಲದು, ಕಿಡ್ನಿ ಸೋತರೆ ಎಥಾಂಬುಟಾಲ್ ದೇಹದಲ್ಲೇ ಉಳಿಯುತ್ತದೆ. ಅದಕ್ಕೇ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬಾರದು.

ಹೆಚ್ಚು ಜನ ಎಡವುವುದು ಇಲ್ಲಿ: ರಿಫಾಂಪಿಸಿನ್ ಇದ್ದರೆ ಡೊಲುಟೆಗ್ರಾವಿರ್ ದೇಹದಲ್ಲಿ ಬೇಗ ಕರಗಿಹೋಗುತ್ತದೆ. ಆದ್ದರಿಂದ ಟಿಎಲ್‌ಡಿ ನುಂಗಿ 12 ಗಂಟೆಯಾದ ಮೇಲೆ 50 ಮಿಗ್ರಾಂ ಡೊಲುಟೆಗ್ರಾವಿರ್ ಇನ್ನೊಮ್ಮೆ ಬೇಕು. ಟಿಬಿ ಕೋರ್ಸ್ ಮುಗಿದ ಮೇಲೂ 2 ವಾರ.

ಎಆರ್‌ಟಿ ಶುರುವಾದ 2-4 ವಾರಕ್ಕೆ ಜ್ವರ ಮರಳಿ, ಕತ್ತಿನ ಗಂಟು ಊದಿದರೆ ಅದು ಮಾತ್ರೆಯ ದೋಷವೇ ಆಗಬೇಕಿಲ್ಲ. ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಟಿಬಿ ಮೇಲೆ ಎರಗುವುದರಿಂದಲೂ ಹೀಗಾಗುತ್ತದೆ, ಇದಕ್ಕೆ ಐರಿಸ್ ಅಂತಾರೆ. ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) ತೀರಾ ಕಡಿಮೆ ಇದ್ದವರಲ್ಲಿ ಜಾಸ್ತಿ. ಔಷಧಿಗೆ ಬಗ್ಗದ ಟಿಬಿ ಅಲ್ಲ ಅಂತ ಕಫ ಪರೀಕ್ಷೆಯಲ್ಲಿ ಖಚಿತಪಡಿಸಿಕೊಂಡು, ತೀವ್ರವಾಗಿದ್ದರೆ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಟಿಬಿ ಮಾತ್ರೆ, ಎಆರ್‌ಟಿ ಎರಡೂ ಸಾಮಾನ್ಯವಾಗಿ ಹಾಗೇ ಮುಂದುವರಿಯುತ್ತವೆ.