ಹೆಗಡೆಯವರ ಕುರ್ಚಿ ಯಾಕೆ ಹೋಯಿತು, ನೆನಪಿದೆಯಾ?

"ನನ್ನ ಫೋನಲ್ಲಿ ಮುಚ್ಚಿಡುವಂಥದ್ದು ಏನಿದೆ? ಸರ್ಕಾರ ನೋಡಿದ್ರೆ ನೋಡ್ಲಿ ಬಿಡಿ." ವಾಟ್ಸಾಪ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ ಮೆಸೇಜಿಗೆ ಹಾಕುವ ಬೀಗ) ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೀಗನ್ನುತ್ತಾರೆ. ಬೇರೆ ರಾಜ್ಯದವರು ಅಂದರೆ ಅನ್ನಲಿ. ಫೋನ್ ಕದ್ದಾಲಿಕೆಗೆ ಮುಖ್ಯಮಂತ್ರಿಯ ಕುರ್ಚಿಯೇ ಹೋದ ರಾಜ್ಯದವರು ಅಂದರೆ ಹೇಗೆ?

1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಿದ್ದು ಇದೇ ಕಾರಣಕ್ಕೆ. ತಾವು ಆದೇಶ ಕೊಟ್ಟಿಲ್ಲ ಅಂದರು, ಆದರೂ ನೈತಿಕ ಹೊಣೆ ಹೊತ್ತು ಕೆಳಗಿಳಿದರು. ಕದ್ದು ಕೇಳಿದ್ದು ಯಾವ ಭಯೋತ್ಪಾದಕರ ಮಾತನ್ನೂ ಅಲ್ಲ. ದೇವೇಗೌಡರು ಮತ್ತು ಅಜಿತ್ ಸಿಂಗ್ ಫೋನಿನಲ್ಲಿ ಆಡಿದ ಮಾತು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅಂದರೆ ಸ್ವಂತ ಪಾಳಯದವರ ಮಾತು!

ಮೂವತ್ತು ವರ್ಷ ದಾಟಿ 2019ಕ್ಕೆ ಬನ್ನಿ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ ಫೋನ್ ಕದ್ದಾಲಿಸಿತ್ತು ಎಂಬ ಆರೋಪ ಬಂತು, ಮುಂದಿನ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2021ರಲ್ಲಿ ಪೆಗಾಸಸ್ ಎಂಬ, ಫೋನಿನೊಳಗೆ ಕದ್ದು ಹೊಕ್ಕುವ ಗೂಢಚಾರ ಸಾಫ್ಟ್‌ವೇರ್‌ನ ಸುದ್ದಿ ಹೊರಬಿದ್ದಾಗ, ಗುರಿಯಾಗಿದ್ದಿರಬಹುದಾದ ನಂಬರುಗಳ ಪಟ್ಟಿಯಲ್ಲಿ ಅದೇ ಮೈತ್ರಿ ಸರ್ಕಾರದ ಉಪಮುಖ್ಯಮಂತ್ರಿಯ ನಂಬರ್ ಇತ್ತು ಎಂದು ವರದಿಯಾಯಿತು. ಕುಮಾರಸ್ವಾಮಿ, ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳದ್ದೂ ಇತ್ತಂತೆ. ಕೇಳಿದವರು ಅಂತ ಯಾರ ಮೇಲೆ ದೂರಿತ್ತೋ, ಅವರ ಮಾತನ್ನೂ ಯಾರೋ ಕೇಳುತ್ತಿದ್ದರೇನೋ ಎಂಬ ಅನುಮಾನ. ಯಾವ ಪಕ್ಷದ ಅಭಿಮಾನಿಯೇ ಆಗಿರಿ, ಇದರಲ್ಲಿ ನಿಮಗೆ ನೆಮ್ಮದಿ ಕೊಡುವಂಥದ್ದು ಏನೂ ಇಲ್ಲ.

"ಕಾನೂನು ಇದೆಯಲ್ಲ" ಅಂತೀರಾ? ಇದೆ. ಬೇಕಾಬಿಟ್ಟಿ ಕದ್ದಾಲಿಸುವಂತಿಲ್ಲ ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಗೃಹ ಕಾರ್ಯದರ್ಶಿ ಸಹಿ ಹಾಕಬೇಕು, ಆಮೇಲೆ ಒಂದು ಪರಿಶೀಲನಾ ಸಮಿತಿ ನೋಡಬೇಕು. ಆ ಸಮಿತಿಯಲ್ಲಿರುವವರೂ ಹಿರಿಯ ಅಧಿಕಾರಿಗಳೇ, ನ್ಯಾಯಾಧೀಶರು ಎಲ್ಲೂ ಇಲ್ಲ. ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು 2018ರಲ್ಲಿ ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ ಬರೆದಿತ್ತು. ಒಂದೇ ಸಭೆಯಲ್ಲಿ ಅಷ್ಟನ್ನು ಓದುವುದಿರಲಿ, ಎಣಿಸುವುದೂ ಕಷ್ಟ.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿನ ಮೇಲಿರುವ ಹೆಸರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದ್ದು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹಕ್ಕನ್ನು ಒಪ್ಪಿದರು. ಆದರೆ ಕಾಗದದ ಮೇಲಿನ ಹಕ್ಕು ಆ 18,000 ಕಡತಗಳ ನಡುವೆ ಎಲ್ಲಿ ಹುಡುಕುತ್ತೀರಿ? ನನಗೆ ಎನ್‌ಕ್ರಿಪ್ಷನ್ ಮುಖ್ಯ ಅನಿಸುವುದು ಇದಕ್ಕೇ. ಅದು ಯಾರ ಒಳ್ಳೆಯತನವನ್ನೂ ನಂಬಿ ಕೂತಿಲ್ಲ. ಕೀ ಇರುವುದು ನಿಮ್ಮ ಫೋನಿನಲ್ಲಿ ಮತ್ತು ನೀವು ಮಾತಾಡುತ್ತಿರುವವರ ಫೋನಿನಲ್ಲಿ. ನಡುವಿನ ಕಂಪನಿಗೆ ಆದೇಶ ಬಂದರೂ ಕೊಡಲು ಕೀ ಇಲ್ಲ.

"ಸರ್ಕಾರಕ್ಕೆ ಮಾತ್ರ ಒಂದು ಹಿಂಬಾಗಿಲು ಇಡಿ" ಎನ್ನುವವರು ಗ್ರೀಸ್ ಕಥೆ ಓದಬೇಕು. ಅಲ್ಲಿನ ವೊಡಾಫೋನ್ ಎಕ್ಸ್‌ಚೇಂಜ್‌ಗಳ ಸಾಫ್ಟ್‌ವೇರ್‌ನಲ್ಲಿ ಪೊಲೀಸರ ಅನುಕೂಲಕ್ಕೆಂದು ಕದ್ದಾಲಿಕೆಯ ಸೌಲಭ್ಯ ಅಡಗಿತ್ತು. 2004ರಲ್ಲಿ ಯಾರೋ ಒಳನುಗ್ಗಿ ಅದನ್ನೇ ಬಳಸಿ ನೂರಕ್ಕೂ ಹೆಚ್ಚು ಮೊಬೈಲ್‌ಗಳನ್ನು ಕೇಳಿಸಿಕೊಂಡರು. ಅದರಲ್ಲಿ ಪ್ರಧಾನಿಯ ಫೋನೂ ಇತ್ತು! 2024ರಲ್ಲಿ ಅಮೆರಿಕದಲ್ಲೂ ಹೀಗೇ ಆಯಿತು. ಚೀನಾದ ಹ್ಯಾಕರ್‌ಗಳು ಟೆಲಿಕಾಂ ಕಂಪನಿಗಳೊಳಗೆ ಹೊಕ್ಕು, ಕೋರ್ಟ್ ಆದೇಶದ ಕದ್ದಾಲಿಕೆಗೆಂದು ಇಟ್ಟ ವ್ಯವಸ್ಥೆಯವರೆಗೂ ಕೈ ಹಾಕಿದರು. ಆಮೇಲೆ ಅಲ್ಲಿನ ಅಧಿಕಾರಿಗಳೇ ಎನ್‌ಕ್ರಿಪ್ಟ್ ಆದ ಆ್ಯಪ್ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟರು. ವರ್ಷಗಟ್ಟಲೆ ಎನ್‌ಕ್ರಿಪ್ಷನ್ ಬೈದುಕೊಂಡು ಬಂದವರು!

ಇದಕ್ಕೆ ಎದುರಾಗಿ ಒಂದು ವಾದವಿದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದನ್ನೇ ಮಕ್ಕಳ ಕಳ್ಳತನ ಎಂದು ವಾಟ್ಸಾಪ್‌ನಲ್ಲಿ ಹಬ್ಬಿಸಿದರು. ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಇಂಥ ಸಾವುಗಳ ನಂತರವೇ "ಮೊದಲು ಕಳಿಸಿದ್ದು ಯಾರು ಅಂತ ಹೇಳಿ" ಎಂಬ ಒತ್ತಾಯ ಬಲವಾಗಿ, 2021ರ ಐಟಿ ನಿಯಮಗಳಲ್ಲಿ ಸೇರಿತು. ಆದರೆ ಮುರ್ಕಿಯಲ್ಲಿ ಪೊಲೀಸರು ಗ್ರೂಪ್ ಅಡ್ಮಿನ್‌ನನ್ನೂ ವಿಡಿಯೊ ಮಾಡಿದವನನ್ನೂ ಹಿಡಿದದ್ದು ಎನ್‌ಕ್ರಿಪ್ಷನ್ ಮುರಿದಲ್ಲ. ಗ್ರೂಪಿನಲ್ಲಿದ್ದ ಪ್ರತಿಯೊಬ್ಬರ ಫೋನಿನಲ್ಲೂ ಆ ಮೆಸೇಜ್ ಇರುತ್ತದಲ್ವಾ? ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಬಂದದ್ದೂ ಬೀಗ ಮುರಿಯದೆಯೇ. ಒಬ್ಬ ಕಿಡಿಗೇಡಿಯನ್ನು ಹುಡುಕಲು ಎಲ್ಲರ ಪ್ರತಿ ಮೆಸೇಜಿಗೂ ಗುರುತು ಹಾಕಿಡಬೇಕು ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಎನ್‌ಕ್ರಿಪ್ಷನ್ ಮುರಿಯಲೇಬೇಕು ಅಂದರೆ ಭಾರತ ಬಿಟ್ಟು ಹೋಗಬೇಕಾದೀತು ಎಂದು ವಾಟ್ಸಾಪ್ ಪರ ವಕೀಲರು 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೇಳಿದ್ದಾರೆ. ಅವರಿಗೆ ನಮ್ಮ ಮೇಲಿನ ಪ್ರೀತಿ ಅಂತ ತಿಳಿಯಬೇಡಿ, ವ್ಯಾಪಾರ. ಯಾರು ಯಾರಿಗೆ ಯಾವಾಗ ಮೆಸೇಜ್ ಮಾಡಿದರು ಎಂಬುದು ಅವರ ಕಣ್ಣಿಗೆ ಬೀಳಬಲ್ಲದು. ಅದೂ ಬೇಡ ಅನ್ನುವವರಿಗೆ ಸಿಗ್ನಲ್ ಎಂಬ ಆ್ಯಪ್ ಇದೆ.

ಪೆಗಾಸಸ್‌ನಂಥದ್ದು ಫೋನಿನೊಳಗೇ ಕೂತರೆ ಎನ್‌ಕ್ರಿಪ್ಷನ್ ಏನೂ ಮಾಡದು, ನಿಜ. ಆದರೆ ಅದು ಒಬ್ಬೊಬ್ಬರನ್ನೇ ಆರಿಸಿ, ದುಡ್ಡು ಸುರಿದು ಮಾಡುವ ಕೆಲಸ. ಕೋಟಿಗಟ್ಟಲೆ ಜನರನ್ನು ಒಟ್ಟಿಗೇ ಕೇಳಲು ಅದರಿಂದ ಆಗದು.

ಕೊನೆಗೆ, ಸುಮ್ನೆ ಲೈಕ್ ಒತ್ತಿ ಹೋಗುವ ಮೊದಲು ಒಂದು ಕೆಲಸ ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್‌ಗೆ ಹೋಗಿ ನೋಡಿ. ಎನ್‌ಕ್ರಿಪ್ಟ್ ಆದ ಬ್ಯಾಕಪ್ ನೀವೇ ಆನ್ ಮಾಡಿರದಿದ್ದರೆ, ಚಾಟ್‌ಗೆ ಇರುವ ಬೀಗ ಗೂಗಲ್ ಡ್ರೈವ್‌ನಲ್ಲಿ ಕೂತಿರುವ ಪ್ರತಿಗೆ ಇಲ್ಲದೆಯೂ ಇರಬಹುದು. ಆನ್ ಮಾಡಿ, ಪಾಸ್‌ವರ್ಡ್ ಇಡಿ. ಮರೆತರೆ ವಾಟ್ಸಾಪ್‌ನವರೂ ತೆರೆದುಕೊಡಲಾರರು. ಹಾಗಾಗಿ ಮನೆಯ ಡೈರಿಯಲ್ಲಿ ಬರೆದಿಡಿ, ಅದೇ ಫೋನಿನಲ್ಲಿ ಬೇಡ.